ಚಪ್ಪಲಿಗೂ 'ಟೇಕ್ ಆಫ್', ವಿಮಾನಕ್ಕೂ 'ಟೇಕ್ ಆಫ್'!

ನಿಮಿಷಾಂಬೆಯ ದರ್ಶನಕ್ಕೆಂದು ನಮ್ಮ ಗಂಜಾಂಗೆ ನೀವು ಒಮ್ಮೆಯಾದರೂ ಬಂದಿರಬಹುದು. ಕಾವೇರಿಯ ದಡದಲ್ಲಿರುವ ಆ ಗುಡಿಯೊಳಗೆ ಕಾಲಿಡುವ ಮುಂಚೆ ಬಡವ ಬಲ್ಲಿದ ಎನ್ನದೆ ಎಲ್ಲರೂ ಮಾಡುವ ಕೆಲಸ ಒಂದೇ, ಚಪ್ಪಲಿ ಬಿಡುವುದು. ಇಂಗ್ಲಿಷಿನವರು ಇದಕ್ಕೆ 'ಟೇಕ್ ಆಫ್' ಎನ್ನುತ್ತಾರೆ. ಮೈಸೂರಿನ ಆಚೆ ಮಂಡಕಳ್ಳಿಯಲ್ಲಿ ವಿಮಾನ ಓಡಿ ಓಡಿ ನೆಲ ಬಿಟ್ಟು ಮೇಲೇಳುತ್ತದಲ್ಲ, ಅದಕ್ಕೂ 'ಟೇಕ್ ಆಫ್' ಎಂದೇ ಹೆಸರು. ಕಾಲಿನ ಚಪ್ಪಲಿಗೂ ಆಕಾಶದ ವಿಮಾನಕ್ಕೂ ಒಂದೇ ಮಾತು! ಇದನ್ನು ಬಡತನ ಎನ್ನಬೇಕೋ, ಜಾಣತನ ಎನ್ನಬೇಕೋ?

ಈ ಪ್ರಶ್ನೆ ಎತ್ತಿದವಳು ಇಂಗ್ಲಿಷ್ ಮೀಡಿಯಂನಲ್ಲಿ ಏಳನೇ ಕ್ಲಾಸು ಓದುತ್ತಿರುವ ನನ್ನ ಮಗಳು. "ಅಮ್ಮಾ, ಟೇಕ್ ಅಂದ್ರೆ ತಗೋ. ಆಫ್ ಅಂದ್ರೆ ಆರಿಸೋದು. ಎರಡೂ ಸೇರಿದ್ರೆ ತಗೊಂಡು ಆರಿಸೋದು ಅಂತ ಆಗ್ಬೇಕಲ್ವಾ?" ಎಂದು ಪೆನ್ಸಿಲ್ ಕಚ್ಚುತ್ತಾ ಕೇಳಿದಳು. ನಾನು ಓದಿರುವುದು ಎಸ್ಸೆಸ್ಸೆಲ್ಸಿಯವರೆಗೆ, ಅದೂ ಕನ್ನಡ ಮೀಡಿಯಂ. ಆದರೂ ಅವಳ ಲೆಕ್ಕ ತಪ್ಪು ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಎರಡು ಮತ್ತು ಎರಡು ಸೇರಿದರೆ ನಾಲ್ಕಾಗಬೇಕು. ಈ ಜಾತಿಯ ಇಂಗ್ಲಿಷ್ ಮಾತಿನಲ್ಲಿ ಎರಡು ಮತ್ತು ಎರಡು ಸೇರಿ ಒಮ್ಮೆ ಐದಾಗುತ್ತದೆ, ಒಮ್ಮೆ ಐವತ್ತಾಗುತ್ತದೆ. ಪಾಪ, ಮಕ್ಕಳು ಏನು ಮಾಡಬೇಕು? ಮಕ್ಕಳ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡಿಸುವ ನಮ್ಮಂಥವರು ಏನು ಮಾಡಬೇಕು?

ಕ್ರಿಯಾಪದಕ್ಕೆ ಆಫ್, ಔಟ್, ಅಪ್, ಡೌನ್, ಇನ್ ಮುಂತಾದ ಪುಟ್ಟ ಬಾಲ ಅಂಟಿಸಿ ಬೇರೆಯದೇ ಅರ್ಥ ಹೊರಡಿಸುವ ಇಂಥ ಮಾತಿಗೆ ವ್ಯಾಕರಣದಲ್ಲಿ 'ಫ್ರೇಸಲ್ ವರ್ಬ್' ಎನ್ನುತ್ತಾರೆ. ಹೆಸರೇನೂ ಬಹಳ ಹಳೆಯದಲ್ಲ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ವಿದ್ವಾಂಸರು ತಮ್ಮ ಪುಸ್ತಕದಲ್ಲಿ ಬಳಸಿದ ಮೇಲೆ ಅದು ರೂಢಿಗೆ ಬಂತು. ತೊಂದರೆ ಮಾತ್ರ ಬಹಳ ಹಳೆಯದು. ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಪಂಡಿತರು 1755ರಲ್ಲಿ ಇಂಗ್ಲಿಷಿನ ದೊಡ್ಡ ನಿಘಂಟು ಹೊರತಂದರು. ನಮ್ಮ ಕಡೆ ಟಿಪ್ಪು ಇನ್ನೂ ಚಿಕ್ಕ ಹುಡುಗನಾಗಿದ್ದ ಕಾಲ ಅದು. ಪರದೇಶದವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಈ ಬಾಲದ ಮಾತುಗಳೇ ಎಂದು ಆಗಲೇ ಅವರು ಮುನ್ನುಡಿಯಲ್ಲಿ ಬರೆದುಬಿಟ್ಟಿದ್ದಾರೆ. ಅಂದರೆ ನನ್ನ ಮಗಳಿಗೆ ಬಂದ ಕಷ್ಟಕ್ಕೆ ಇನ್ನೂರೆಪ್ಪತ್ತು ವರ್ಷದ ಇತಿಹಾಸವಿದೆ! ಮಕ್ಕಳು ದಡ್ಡರೆಂದು ತಲೆಗೆ ಮೊಟಕುವ ಮುನ್ನ ಇದನ್ನು ಸ್ವಲ್ಪ ನೆನೆಯಬೇಕು.

ಒಂದು ಮಾತು, ನೂರು ಕೆಲಸ

ಮೊದಲು ಸುಲಭದ ಅರ್ಥ ನೋಡೋಣ. ಮೈಮೇಲಿರುವುದನ್ನು, ಒಂದರ ಮೇಲೆ ಕೂತಿರುವುದನ್ನು ಬೇರೆ ಮಾಡುವುದು. ಇಂಗ್ಲಿಷಿಗೆ ಇಲ್ಲೆಲ್ಲಾ 'ಟೇಕ್ ಆಫ್' ಸಾಕು. ನಮಗೆ ಸಾಲುವುದಿಲ್ಲ. ಚಪ್ಪಲಿ ಬಿಡುತ್ತೇವೆ, ಅಂಗಿ ಬಿಚ್ಚುತ್ತೇವೆ, ಕನ್ನಡಕ ತೆಗೆಯುತ್ತೇವೆ, ಒಲೆಯ ಮೇಲಿನ ಸಾರಿನ ಪಾತ್ರೆ ಇಳಿಸುತ್ತೇವೆ, ಹಾಲಿನ ಕೆನೆ ತೆಗೆಯುತ್ತೇವೆ. "ಅಂಗಿ ಬಿಡು" ಎಂದರೆ ಯಾರಾದರೂ ನಗುತ್ತಾರೆ, "ಸಾರು ಬಿಚ್ಚು" ಎಂದರಂತೂ ಕೇಳುವುದೇ ಬೇಡ.

ಇನ್ನು ಕೆಲವು ವಸ್ತುಗಳಿಗೆ ನಮ್ಮ ಹೆಣ್ಣುಮಕ್ಕಳು ಇದ್ಯಾವ ಮಾತನ್ನೂ ಬಳಸುವುದಿಲ್ಲ. ಬಳೆ ಒಡೆಯಿತು ಎನ್ನಬಾರದು, 'ಬಳೆ ಹೆಚ್ಚಿತು' ಎನ್ನಬೇಕು. ದೇವರ ದೀಪ ಆರಿಸಿದೆ ಎನ್ನಬಾರದು, 'ದೊಡ್ಡದು ಮಾಡಿದೆ' ಎನ್ನಬೇಕು. ತಾಳಿಯ ವಿಷಯಕ್ಕಂತೂ 'ತೆಗೆ', 'ಬಿಚ್ಚು' ಎಂಬ ಮಾತು ನಾಲಿಗೆಗೇ ಬರಬಾರದು ಎಂದು ನಮ್ಮ ಅತ್ತೆಯವರ ಕಟ್ಟುನಿಟ್ಟು. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆದಾಗ, ಚಿಕ್ಕ ವಯಸ್ಸಿನ ನರ್ಸ್ ಒಬ್ಬಳು ಕೈಯಲ್ಲಿದ್ದ ಇಂಗ್ಲಿಷ್ ಪಟ್ಟಿ ನೋಡಿಕೊಂಡು "ಎಲ್ಲಾ ತೆಗೀರಿ ಅಜ್ಜಿ, ಸರ, ಬಳೆ, ತಾಳಿ, ಎಲ್ಲಾ" ಎಂದಳು. ಅತ್ತೆಯವರ ಮುಖ ಕಪ್ಪಿಟ್ಟಿತು. ಮಾವನವರು ಹೊರಗೆ ಬೆಂಚಿನ ಮೇಲೆ ಗುಂಡುಕಲ್ಲಿನ ಹಾಗೆ ಕೂತಿದ್ದಾರೆ, ಇವಳು ಹೀಗಂದಳಲ್ಲ ಎಂದು! ವಯಸ್ಸಾದ ಆಯಾ ಒಬ್ಬರು ಬಂದು "ಅರಿಶಿನದ ದಾರ ಒಂದು ಕಟ್ಕೊಂಡು, ಸರನ ಸೊಸೆ ಕೈಲಿ ಕೊಟ್ಟಿರಿ ಅಮ್ಮಾ, ಆಮೇಲೆ ಹಾಕ್ಕೊಳ್ಳುವಿರಂತೆ" ಎಂದ ಮೇಲೆ ಸರಿಹೋಯಿತು. ಇಂಗ್ಲಿಷ್ ಪಟ್ಟಿಯಲ್ಲಿ ಇದ್ದದ್ದು ಬರೀ 'ಟೇಕ್ ಆಫ್'. ಆ ಮಾತಿಗೆ ಶುಭವೂ ಇಲ್ಲ, ಅಶುಭವೂ ಇಲ್ಲ. ಕನ್ನಡಕ್ಕೆ ಬರುವಾಗ ಯಾವ ಮಾತಿನಲ್ಲಿ ಇಳಿಸಬೇಕು ಎಂಬುದನ್ನು ಆ ಆಯಾ ಯಾವ ಡಿಕ್ಷನರಿಯನ್ನೂ ನೋಡದೆ ಬಲ್ಲವರಾಗಿದ್ದರು.

ಎರಡನೆಯದು ವಿಮಾನದ ಅರ್ಥ. ರೈಟ್ ಸೋದರರ ವಿಮಾನ ಮೊದಲ ಬಾರಿ ನೆಲ ಬಿಟ್ಟಿದ್ದು 1903ರ ಡಿಸೆಂಬರ್ 17ರಂದು. ಅದಕ್ಕೂ ಬಹಳ ಮುಂಚಿನಿಂದಲೇ, ಓಡಿಬಂದು ಕಾಲೂರಿ ಜಿಗಿಯುವುದಕ್ಕೆ 'ಟೇಕ್ ಆಫ್' ಎನ್ನುವ ರೂಢಿ ಇತ್ತು. ವಿಮಾನವೂ ಓಡಿಬಂದು ಜಿಗಿದಂತೆಯೇ ತಾನೇ ಏರುವುದು? ಮಾತು ಸಲೀಸಾಗಿ ಅದಕ್ಕೂ ಅಂಟಿಕೊಂಡಿತು. ನನ್ನ ಮಗಳಿಗೆ ನಾನು ಹೇಳಿದ್ದು ಇಷ್ಟೆ: "ಆಫ್ ಅಂದರೆ ಆರಿಸೋದು ಅಂತ ತಿಳ್ಕೋಬೇಡ. ಅಂಟಿಕೊಂಡಿರೋದು ದೂರ ಆಗೋದು ಅಂತ ತಿಳ್ಕೋ. ಚಪ್ಪಲಿ ಕಾಲಿನಿಂದ ದೂರ ಆಯ್ತು. ವಿಮಾನ ನೆಲದಿಂದ ದೂರ ಆಯ್ತು. ಎರಡಕ್ಕೂ ನಾವು 'ಬಿಟ್ಟು' ಅಂತಲೇ ಅಂತೀವಲ್ಲ, ಕಾಲು ಬಿಟ್ಟಿತು, ನೆಲ ಬಿಟ್ಟಿತು." ಪೆನ್ಸಿಲ್ ಬಾಯಿಂದ ಕೆಳಗಿಳಿಯಿತು.

ಅಲ್ಲಿಂದ ಮುಂದೆ ಅರ್ಥಗಳು ಬಳ್ಳಿಯ ಹಾಗೆ ಹಬ್ಬುತ್ತವೆ. ಹೇಳದೆ ಕೇಳದೆ ಎದ್ದು ಹೊರಟರೆ ಟೇಕ್ ಆಫ್. ಕೆಲಸಕ್ಕೆ ಎರಡು ದಿನ ರಜೆ ಹಾಕಿದರೆ ಅದೂ ಟೇಕ್ ಆಫ್, ಆದರೆ ಇಲ್ಲಿ ದಿನಗಳು ನಡುವೆ ಬಂದು ಕೂರುತ್ತವೆ: 'ಟೇಕ್ ಟೂ ಡೇಸ್ ಆಫ್'. (ನಮಗೆ ಗೃಹಿಣಿಯರಿಗೆ ಈ ಅರ್ಥದ ಉಪಯೋಗ ಅಷ್ಟಾಗಿ ಬರುವುದಿಲ್ಲ ಬಿಡಿ!) ಬೆಲೆಯಲ್ಲಿ ಹತ್ತು ರೂಪಾಯಿ ಕಳೆದುಕೊಟ್ಟರೆ ಅದೂ ಇದೇ. ಆಷಾಢ ಬಂತೆಂದರೆ ಸೀರೆ ಅಂಗಡಿಗಳ ಮುಂದೆ ಬಾಗಿಲಷ್ಟು ಅಗಲದ ಬೋರ್ಡಿನಲ್ಲಿ '50 ಪರ್ಸೆಂಟ್ ಆಫ್' ಎಂದಿರುತ್ತದೆ. ಹತ್ತಿರ ಹೋಗಿ ನೋಡಿ, ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ 'ಅಪ್ ಟು' ಎಂದಿರುತ್ತದೆ. ಐವತ್ತರವರೆಗೆ ಎಂದು ಅರ್ಥ. ನೀವು ಕೈಯಲ್ಲಿ ಹಿಡಿದ ಸೀರೆಗೆ ಐದೇ ಪರ್ಸೆಂಟ್ ಬಿಟ್ಟರೂ ಅಂಗಡಿಯವನು ಬೋರ್ಡಿನ ಮಾತು ಮೀರಿದಂತಲ್ಲ.

ವ್ಯಾಪಾರ ಇದ್ದಕ್ಕಿದ್ದಂತೆ ಏಳಿಗೆಗೆ ಬಂದರೂ ಟೇಕ್ ಆಫ್ ಎನ್ನುತ್ತಾರೆ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ಮಹಡಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಅದೇ ಮುಂದೆ ದೇಶವೆಲ್ಲ ಹೆಸರಾದ ಲಿಜ್ಜತ್ ಹಪ್ಪಳ. ಇಂಗ್ಲಿಷ್ ಪತ್ರಿಕೆಯವರು ಬರೆದರೆ ಅವರ ವ್ಯಾಪಾರ 'ಟುಕ್ ಆಫ್' ಎಂದು ಬರೆಯುತ್ತಾರೆ. ಹಪ್ಪಳ ವಿಮಾನದ ಹಾಗೆ ಹಾರಿತು ಎಂದು ತಿಳಿಯಬೇಡಿ, ನಮ್ಮ ಮಾತಿನಲ್ಲಿ 'ಕೈಹತ್ತಿತು'.

ಕಡೆಯದಾಗಿ ಒಂದು ತಮಾಷೆಯ ಅರ್ಥ: ಬೇರೆಯವರ ಮಾತು ನಡೆಯನ್ನು ಅಣಕಿಸುವುದು. ಇದೇನು ಹೊಸಬರ ಪೋಲಿ ಮಾತಲ್ಲ. ಜಾನ್ಸನ್ ಪಂಡಿತರು ಆ ಮುನ್ನುಡಿಯಲ್ಲಿ 'ಟೇಕ್ ಆಫ್' ಎಂಬುದಕ್ಕೆ ಕೊಟ್ಟ ಅರ್ಥ ಇದೇ, ನಕಲು ಮಾಡುವುದು ಎಂದು! ಚಪ್ಪಲಿಯನ್ನೂ ಹೇಳಲಿಲ್ಲ, ಟೋಪಿಯನ್ನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಈ ವಿದ್ಯೆಯಲ್ಲಿ ಪಳಗಿದವನು ನನ್ನ ಮಗ. ಅವರಪ್ಪ ಫೋನಿನಲ್ಲಿ ಕೂಗಿ ಮಾತಾಡುವುದನ್ನು ಹಾಗೇ ಇಳಿಸುತ್ತಾನೆ. ನೋಡಿ, ನಾವೂ 'ಇಳಿಸುವುದು' ಎಂದೇ ಅಂದೆವು.

ನಮ್ಮ 'ತೆಗೆ' ಏನು ಕಡಿಮೆ?

ಇಂಗ್ಲಿಷಿನವರನ್ನು ನೋಡಿ ನಗುವ ಮುನ್ನ ನಮ್ಮ ಅಡುಗೆಮನೆಯ ಕಡೆ ಸ್ವಲ್ಪ ಕಿವಿ ಕೊಡಿ. ಬೆಳಗ್ಗೆ ಎದ್ದರೆ ಬಾಗಿಲು ತೆಗೆಯುತ್ತೇವೆ. ಮಗಳಿಗೆ ಬೈತಲೆ ತೆಗೆಯುತ್ತೇವೆ. ಮೊಸರು ಕಡೆದು ಬೆಣ್ಣೆ ತೆಗೆಯುತ್ತೇವೆ. ಮಗುವಿಗೆ ದೃಷ್ಟಿ ತೆಗೆಯುತ್ತೇವೆ. ಹಬ್ಬಕ್ಕೆ ಬಟ್ಟೆ ತೆಗೆಯುತ್ತೇವೆ. ಬ್ಯಾಂಕಿನಿಂದ ದುಡ್ಡು ತೆಗೆಯುತ್ತೇವೆ. ಮಕ್ಕಳು ಮಾರ್ಕ್ಸ್ ತೆಗೆಯುತ್ತಾರೆ. ನೆಂಟರು ಮದುವೆಯ ಮಾತು ತೆಗೆಯುತ್ತಾರೆ. ವಾರಗಿತ್ತಿ ಜಗಳ ತೆಗೆಯುತ್ತಾಳೆ. ಸಾಹುಕಾರರು ಕೆಲಸದಿಂದ ತೆಗೆಯುತ್ತಾರೆ. ಬಾವಿ ತೆಗೆಸುವುದು, ಫೋಟೋ ತೆಗೆಸುವುದು, ಮಾನ ತೆಗೆಯುವುದು, ಪ್ರಾಣ ತೆಗೆಯುವುದು... ಬರೆಯುತ್ತಾ ಹೋದರೆ ಈ ಪತ್ರಿಕೆಯ ಅಡುಗೆ ಪುಟವೂ ಇದಕ್ಕೇ ಬೇಕಾಗುತ್ತದೆ. ಒಬ್ಬ ಪರದೇಶದವಳು ಬಂದು 'ತೆಗೆ ಎಂದರೇನು' ಎಂದು ಕೇಳಿದರೆ ಏನು ಹೇಳುವಿರಿ? ಬಟ್ಟೆ ತೆಗೆದರು ಎಂದರೆ ಕೊಂಡರು ಎಂದೂ ಆಗುತ್ತದೆ, ತಂತಿಯ ಮೇಲೆ ಒಣಗಿದ್ದನ್ನು ತಂದರು ಎಂದೂ ಆಗುತ್ತದೆ.

ಬಾಲ ಅಂಟಿಸುವುದರಲ್ಲೂ ನಾವು ಹಿಂದೆ ಬಿದ್ದಿಲ್ಲ. 'ಬಾಗಿಲು ತೆಗೆ' ಎಂದರೆ ಒಳಗೆ ಬಿಡು. 'ಬಾಗಿಲು ತೆಗೆದುಹಾಕು' ಎಂದರೆ ಬಡಗಿಯನ್ನು ಕರೆಸಬೇಕಾಗುತ್ತದೆ! 'ತೆಗೆದಿಡು' ಎಂದರೆ ಜೋಪಾನ ಮಾಡು, 'ತೆಗೆದುಕೊಡು' ಎಂದರೆ ಇನ್ನೊಬ್ಬರಿಗಾಗಿ ಎತ್ತಿಕೊಡು. 'ತೆಗೆದುಕೋ' ಎಂಬುದು ಬಾಯಲ್ಲಿ ಸವೆದು ಸವೆದು 'ತಗೋ' ಆಗಿದೆ. ಅದಕ್ಕೂ ಮತ್ತೊಂದು ಬಾಲ ಸೇರಿ 'ತಗೊಂಡ್ಬಾ', 'ತಗೊಂಡ್ಹೋಗು'. ಹಾಕು, ಇಡು, ಕೊಡು, ಕೊಳ್ಳು, ಬಿಡು ಎಂಬ ನಮ್ಮ ಬಾಲಗಳು ಮಾಡುವ ಕೆಲಸವನ್ನೇ ಹೆಚ್ಚುಕಡಿಮೆ ಇಂಗ್ಲಿಷಿನ ಆಫ್, ಔಟ್, ಅಪ್‌ಗಳು ಮಾಡುತ್ತವೆ. ನಾವು ಇವನ್ನು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ವಾಕ್ಯದೊಳಗೆ, ಕೆಲಸದ ನಡುವೆ, ಕೇಳಿ ಕೇಳಿ ಕಲಿತೆವು.

ಒಂದು ಮಾತಿಗೆ ಎಷ್ಟು ಅರ್ಥ ಎಂದು ಲೆಕ್ಕ ಹಾಕುವುದರಲ್ಲೇ ಆಯುಷ್ಯ ಕಳೆದ ಹಿರಿಯರೊಬ್ಬರ ಹೆಸರಿನ ಮೊದಲಿಗೇ ನಮ್ಮ ಊರಿದೆ ಎಂಬುದು ನನಗೊಂದು ಹೆಮ್ಮೆ. ನಿಘಂಟು ತಜ್ಞ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರ 'ಜಿ' ಎಂದರೆ ಗಂಜಾಂ. ಅವರ ತಂದೆ ಗಂಜಾಂ ತಿಮ್ಮಣ್ಣಯ್ಯನವರೂ ವಿದ್ವಾಂಸರೇ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ಕನ್ನಡ ನಿಘಂಟಿಗೆ ಇವರು ಪ್ರಧಾನ ಸಂಪಾದಕರಾಗಿದ್ದರು. ಎಂಟು ಸಂಪುಟಗಳ ಆ ಕೆಲಸ ಮುಗಿದದ್ದು 1995ರಲ್ಲಿ. ಇಂಗ್ಲಿಷ್-ಕನ್ನಡ ನಿಘಂಟನ್ನೂ ಮಾಡಿದರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2021ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ! 'ಪ್ರಜಾವಾಣಿ'ಯಲ್ಲಿ 1991ರಿಂದ ಅವರು ಬರೆಯುತ್ತಿದ್ದ 'ಇಗೋ ಕನ್ನಡ' ಅಂಕಣ ನಮ್ಮ ತಾಯಿಯವರಿಗೆ ಅಚ್ಚುಮೆಚ್ಚು. ಓದುಗರು ಒಂದು ಪದ ಕೇಳಿ ಬರೆದರೆ, ಅದು ಎಲ್ಲಿಂದ ಬಂತು, ಎಲ್ಲಿ ಹೇಗೆ ಬಳಸುತ್ತಾರೆ ಎಂದು ತಿಳಿಸುತ್ತಿದ್ದರು. ಇಂಥದ್ದನ್ನೂ ಕೇಳುತ್ತಾರೆಯೇ ಎಂದು ಯಾರನ್ನೂ ಸಣ್ಣದು ಮಾಡಿದ್ದನ್ನು ನಾನು ಓದಿದ ನೆನಪಿಲ್ಲ. ಆ ಪುಟಗಳನ್ನು ಕತ್ತರಿಸಿ ತಾಯಿಯವರು ಬೀರುವಿನಲ್ಲಿ ಜೋಡಿಸಿಟ್ಟಿದ್ದರು. ರೇಷ್ಮೆ ಸೀರೆಗಳ ಕೆಳಗೆ!

'ಆಫ್' ಎಂಬ ಬಾಲ ಬೆಲೆ ಕೇಳಿದಾಗ

ಮಕ್ಕಳ ಹೋಂವರ್ಕಿನ ಮಟ್ಟಿಗೆ ಇದೆಲ್ಲ ಒಂದು ವಿನೋದ. 'ಆಫ್' ನಮ್ಮ ಮನೆಗಳಿಗೆ ಎಂದೋ ಬಂದಾಗಿದೆ. ಫ್ಯಾನ್ ಆಫ್ ಮಾಡು ಎನ್ನುತ್ತೇವೆ, ನಿವೃತ್ತರಾದ ಮೇಷ್ಟರಿಗೆ ಸೆಂಡಾಫ್ ಕೊಡುತ್ತೇವೆ, ಸಿಇಟಿ ಬಂದರೆ ಕಟಾಫ್ ಎಷ್ಟು ಎಂದು ಕೇಳುತ್ತೇವೆ, ಹುಡುಗರು ಮೂಡಾಫ್ ಎಂದು ಮೂಲೆ ಸೇರುತ್ತಾರೆ. ಆದರೆ ಈ ಬಾಲ ಮೋಸಗಾರ. ಕರೆಂಟು ಹೋಗಿ ದೀಪ 'ವೆಂಟ್ ಆಫ್' ಎಂದರೆ ಆರಿತು. ಅಲಾರಾಂ 'ವೆಂಟ್ ಆಫ್' ಎಂದರೆ ಬಡಿದುಕೊಂಡಿತು! ಒಂದೇ ಮಾತು, ಒಂದು ಕಡೆ ಸದ್ದಿಲ್ಲದೆ ನಿಲ್ಲುತ್ತದೆ, ಇನ್ನೊಂದು ಕಡೆ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಪರೀಕ್ಷೆಯಲ್ಲಿ ಇದು ತಪ್ಪಾದರೆ ಒಂದು ಮಾರ್ಕು ಹೋಗುತ್ತದೆ, ಅಷ್ಟೆ. ಗೇಟಿನ ಮೇಲೆ ಅಂಟಿಸಿದ ನೋಟೀಸಿನಲ್ಲೋ, ಬ್ಯಾಂಕಿನ ಕಾಗದದಲ್ಲೋ ಇದೇ ಬಾಲ ಬಂದಾಗ ಮಾತ್ರ ಹೋಗುವುದು ಮಾರ್ಕಲ್ಲ.

2020ರ ಜೂನ್ ತಿಂಗಳು ನಮ್ಮ ಶ್ರೀರಂಗಪಟ್ಟಣದವರಿಗೆ ನೆನಪಿರುತ್ತದೆ. ಕೊರೊನಾದಿಂದಾಗಿ ಆರ್ಡರ್ ಇಲ್ಲವೆಂದು ಇಲ್ಲಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ 'ಲೇ ಆಫ್' ಎಂದರು. ಅವರಲ್ಲಿ ಬಹುಪಾಲು ಹೆಂಗಸರು, ಸುತ್ತಮುತ್ತಲ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದವರು. ಕೆಲಸ ಬೇಕೆಂದು ಅವರು ಅಲ್ಲೇ ವಾರಗಟ್ಟಲೆ ಧರಣಿ ಕೂತರು. ಆ ದಿನಗಳಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿದ್ದ ಬೀದಿಗಳಲ್ಲೆಲ್ಲ ಇದೇ ಮಾತು. ನಮ್ಮ ಬೀದಿಯ ಹುಡುಗಿಯೊಬ್ಬಳು ನಲ್ಲಿಯ ಹತ್ತಿರ ನನ್ನನ್ನು ಕೇಳಿದ್ದಳು: "ಅಕ್ಕಾ, ಲೇ ಆಫು ಅಂತಾರಲ್ಲ, ಹಂಗಂದ್ರೆ ಇನ್ಮೇಲೆ ಬರಲೇಬ್ಯಾಡಿ ಅಂತಾನೋ, ಸ್ವಲ್ಪ ದಿನ ತಡೀರಿ ಅಂತಾನೋ?"

ಎಂಥ ಸರಿಯಾದ ಪ್ರಶ್ನೆ ನೋಡಿ! ಏಕೆಂದರೆ ಆ ಮಾತಿಗೆ ಎರಡೂ ಅರ್ಥ ಇದೆ. ಅಮೆರಿಕದ ಸುದ್ದಿಯಲ್ಲಿ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಸುದ್ದಿಯಲ್ಲಿ, 'ಲೇ ಆಫ್' ಎಂದರೆ ಮನೆಗೆ ಕಳಿಸಿಬಿಡುವುದು. ಮತ್ತೆ ಕರೆಯುವ ಮಾತಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಹಾಗಲ್ಲ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಲೇ ಆಫ್ ಎಂದರೆ ಕಚ್ಚಾಮಾಲು ಇಲ್ಲವೆಂದೋ, ಯಂತ್ರ ಕೆಟ್ಟಿದೆಯೆಂದೋ, ಮಾಲು ರಾಶಿಬಿದ್ದಿದೆಯೆಂದೋ ಮಾಲೀಕರು ಸದ್ಯಕ್ಕೆ ಕೆಲಸ ಕೊಡಲಾಗದೆ ಇರುವುದು. ಕೆಲಸದವಳ ಹೆಸರು ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಒಂದು ವರ್ಷ ಬಿಡದೆ ದುಡಿದವಳಿಗೆ ಆ ದಿನಗಳಿಗೆ ಮೂಲ ಸಂಬಳ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಸಲ್ಲಬೇಕು. ನೂರು ಜನರಿಗೆ ಕಡಿಮೆಯಿಲ್ಲದ ಕಾರ್ಖಾನೆಯಾದರೆ ಸಾಮಾನ್ಯವಾಗಿ ಮೊದಲೇ ಸರ್ಕಾರದ ಅನುಮತಿ ಬೇಕಿತ್ತು. ಅಂಥ ಅನುಮತಿಯೇ ಇಲ್ಲ ಎಂಬುದೇ ಆಗ ಕಾರ್ಮಿಕ ಸಂಘದವರ ದೊಡ್ಡ ಆಕ್ಷೇಪ. ಪೂರಾ ಕೆಲಸದಿಂದ ತೆಗೆಯುವುದಕ್ಕೆ ಕಾನೂನಿನಲ್ಲಿ ಬೇರೆಯೇ ಹೆಸರಿದೆ, 'ರಿಟ್ರೆಂಚ್‌ಮೆಂಟ್' ಎಂದು. ಅದರ ನಿಯಮ ಬೇರೆ, ಪರಿಹಾರ ಬೇರೆ. ಈಗ ಹಳೆಯ ಕಾಯ್ದೆಗಳನ್ನು ಒಟ್ಟುಗೂಡಿಸಿ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಅಲ್ಲಿಯೂ ಲೇ ಆಫ್ ಎಂಬುದು ಈ ತಾತ್ಕಾಲಿಕ ಅರ್ಥದಲ್ಲೇ ಇದೆ.

ಈಗ ಯೋಚಿಸಿ. 'ಲೇ ಆಫ್ ಅಂದ್ರೆ ಕೆಲಸ ಹೋಯ್ತು ಕಣಕ್ಕ' ಎಂದು ಯಾರೋ ಹೇಳಿದ್ದನ್ನು ನಂಬಿ ರಾಜೀನಾಮೆ ಕಾಗದಕ್ಕೆ ಸಹಿ ಹಾಕುವವಳಿಗೂ, 'ನನ್ನ ಹೆಸರು ಇನ್ನೂ ಪುಸ್ತಕದಲ್ಲಿದೆ' ಎಂದು ತಿಳಿದು ಕೂತವಳಿಗೂ ಎಷ್ಟು ವ್ಯತ್ಯಾಸ! ಮೊದಲನೆಯವಳು ತಾನಾಗಿಯೇ ಬಿಟ್ಟುಹೋದಳು ಎಂದು ಕಾಗದ ಹೇಳುತ್ತದೆ. 'ತೆಗೆ'ಗೂ 'ತೆಗೆದುಹಾಕು'ವಿಗೂ ಇರುವ ವ್ಯತ್ಯಾಸವನ್ನು ಹುಟ್ಟಿನಿಂದ ಬಲ್ಲ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಕೂತು ಕನ್ನಡದಲ್ಲಿ ಹೇಳುವವರು ಬೇಕು, ಅಷ್ಟೆ. ನೋಟೀಸನ್ನು ಕನ್ನಡದಲ್ಲಿ ಕೊಟ್ಟರೂ ನಡುವೆ 'ಲೇ ಆಫ್' ಎಂದು ಹಾಗೇ ಬರೆದರೆ ಏನು ಬಂತು? ಅಕ್ಷರ ನಮ್ಮದಾಯಿತು, ಅರ್ಥ ನಮ್ಮದಾಗಲಿಲ್ಲ. ಇದು ನನ್ನ ಖಂಡಿತವಾದ ಅಭಿಪ್ರಾಯ.

ಇದೇ ಜಾತಿಯ ಇನ್ನೊಂದು ಮಾತು 'ರೈಟ್ ಆಫ್'. ಬ್ಯಾಂಕುಗಳು ಇಷ್ಟು ಕೋಟಿ ಸಾಲ ರೈಟ್ ಆಫ್ ಮಾಡಿದವು ಎಂದು ಪೇಪರಿನಲ್ಲಿ ಬಂದ ದಿನ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಗುಸುಗುಸು ಶುರುವಾಗುತ್ತದೆ, "ದೊಡ್ಡೋರ ಸಾಲ ಎಲ್ಲಾ ಮನ್ನಾ ಆಯ್ತಂತೆ, ನಮ್ದೂ ಆಗ್ಬೋದಾ?" ಎಂದು. ಮನ್ನಾ ಬೇರೆ, ರೈಟ್ ಆಫ್ ಬೇರೆ. 2018ರಲ್ಲಿ ನಮ್ಮ ರಾಜ್ಯ ಸರ್ಕಾರ ರೈತರ ಬೆಳೆ ಸಾಲಕ್ಕೆ ಮಾಡಿದ್ದು ಮನ್ನಾ. ಅಲ್ಲಿ ಮನ್ನಾ ಆದಷ್ಟು ಮೊತ್ತ ರೈತನ ತಲೆಯ ಮೇಲಿನಿಂದ ಇಳಿಯುತ್ತದೆ. ರೈಟ್ ಆಫ್ ಎಂದರೆ ಬಹಳ ಕಾಲ ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಮುಖ್ಯ ಲೆಕ್ಕದಿಂದ ಪಕ್ಕಕ್ಕೆ ಸರಿಸಿ, ನಷ್ಟವೆಂದು ತೋರಿಸಿಕೊಳ್ಳುವುದು. ನಾವು ಒಡೆದ ಪಾತ್ರೆಯನ್ನು ಅಡುಗೆಮನೆಯಿಂದ ಅಟ್ಟಕ್ಕೆ ಹಾಕಿದ ಹಾಗೆ. ಪಾತ್ರೆ ಮನೆಯಲ್ಲೇ ಇದೆ! ಸಾಲ ಮಾಡಿದವರು ಕೊಡಬೇಕಾದದ್ದು ಹಾಗೇ ಉಳಿದಿರುತ್ತದೆ, ಜಾಮೀನು ನಿಂತವರಿಗೂ ಬಿಡುಗಡೆ ಇಲ್ಲ, ಬ್ಯಾಂಕು ವಸೂಲಿ ಮಾಡುವ ಹಕ್ಕು ಬಿಟ್ಟುಕೊಟ್ಟಿರುವುದಿಲ್ಲ. ಸಾಲದ ಚರಿತ್ರೆಯಲ್ಲಿ 'ರಿಟನ್ ಆಫ್' ಎಂಬ ಮುದ್ರೆ ಬಿದ್ದರೆ ಮುಂದೆ ಮಗನ ಓದಿಗೆ ಸಾಲ ಕೇಳಿದಾಗ ಅದೇ ಎದುರು ಬರಬಹುದು. ಸಾಲ ಪೂರಾ ತೀರಿಸುವುದಕ್ಕೆ 'ಪೇ ಆಫ್' ಎನ್ನುತ್ತಾರೆ. ನಮಗೆ ಬೇಕಾದ 'ಆಫ್' ಇದು. ತೀರಿಸಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆದು, ಪಡಿತರ ಚೀಟಿಯ ಜೊತೆ ಜೋಪಾನವಾಗಿಡಿ. ತೆಗೆದಿಡಿ, ತೆಗೆದುಹಾಕಬೇಡಿ!

ಕಲಿಯುವುದು ಹೇಗೆ?

ಪಟ್ಟಿ ಮಾಡಿ ಉರುಹೊಡೆಯುವುದರಲ್ಲಿ ನನಗಂತೂ ನಂಬಿಕೆ ಇಲ್ಲ. ಮಗಳ ಟೀಚರು ಇಂಥ ಐವತ್ತು ಮಾತು ಕೊಟ್ಟು ಬಾಯಿಪಾಠ ಮಾಡಿ ಬನ್ನಿ ಎಂದಿದ್ದರು. ಸೋಮವಾರ ಒಪ್ಪಿಸಿದ್ದು ಬುಧವಾರಕ್ಕೆ ಮರೆತುಹೋಯಿತು. ಈಗ ನಾವು ಬೇರೆ ಕ್ರಮ ಹಿಡಿದಿದ್ದೇವೆ. ಹಳೆಯ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದೊಂದು ಬಾಲಕ್ಕೆ ಒಂದೊಂದು ಪುಟ. ಮಾತನ್ನು ಒಂಟಿಯಾಗಿ ಬರೆಯುವಂತಿಲ್ಲ. ಎಲ್ಲಿ ಕಂಡಿತೋ ಆ ಇಡೀ ವಾಕ್ಯ ಬರೆಯಬೇಕು, ಪಕ್ಕದಲ್ಲಿ ನಮ್ಮ ಮನೆಯಲ್ಲಿ ಅದನ್ನು ಹೇಗೆ ಹೇಳುತ್ತೇವೋ ಹಾಗೆ ಕನ್ನಡ ಬರೆಯಬೇಕು. ಡಿಕ್ಷನರಿಯ ಕನ್ನಡ ಬೇಡ. 'ನಿರ್ಗಮಿಸು' ಎಂದು ಬರೆದರೆ ನಾನು ಒಪ್ಪುವುದಿಲ್ಲ, 'ಎದ್ದು ಹೊರಟ' ಎಂದು ಬರೆ ಎನ್ನುತ್ತೇನೆ.

ಅರ್ಥ ತಿಳಿಯದಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳುವುದು: ಯಾರು, ಏನನ್ನು? 'ಏನನ್ನು' ಎಂಬುದಕ್ಕೆ ವಾಕ್ಯದಲ್ಲಿ ಉತ್ತರ ಸಿಕ್ಕರೆ, ಚಪ್ಪಲಿಯನ್ನು, ಟೋಪಿಯನ್ನು, ಹತ್ತು ರೂಪಾಯಿಯನ್ನು ಎಂದು, ಅಲ್ಲಿ ಸಾಮಾನ್ಯವಾಗಿ ತೆಗೆಯುವ, ಕಳೆಯುವ ಅರ್ಥ. ಆ 'ಏನನ್ನು' ಎಂಬುದು ಒಬ್ಬ ಮನುಷ್ಯನಾದರೆ ಅಣಕಿಸುವುದೋ ನೋಡಿ. ಉತ್ತರವೇ ಸಿಗದೆ, ವಿಮಾನವೋ ವ್ಯಾಪಾರವೋ ಮನುಷ್ಯನೋ ತಾನೇ ಟೇಕ್ ಆಫ್ ಆದರೆ, ಏರುವುದು, ಏಳಿಗೆಯಾಗುವುದು, ಹೊರಟುಹೋಗುವುದು. ಇದರಿಂದ ಮುಕ್ಕಾಲು ಪಾಲು ಬಿಡಿಸಬಹುದು. ಇನ್ನೊಂದು ಸೂಕ್ಷ್ಮ ಉಂಟು. 'ಟೇಕ್ ಆಫ್ ಯುವರ್ ಶೂಸ್' ಎನ್ನಬಹುದು, 'ಟೇಕ್ ಯುವರ್ ಶೂಸ್ ಆಫ್' ಎಂದೂ ಅನ್ನಬಹುದು. ಆದರೆ 'ಅವನ್ನು' ಎಂದು ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು, 'ಟೇಕ್ ದೆಮ್ ಆಫ್'. ಕಡೆಗೆ ಹಾಕಿದರೆ ತಪ್ಪು. ಚಿಕ್ಕ ಮಗು ಯಾವಾಗಲೂ ಅಪ್ಪ ಅಮ್ಮನ ನಡುವೆ ಮಲಗಬೇಕು ಎನ್ನುತ್ತದಲ್ಲ, ಹಾಗೆ. ಈ ಹೋಲಿಕೆ ಹೇಳಿದ ಮೇಲೆ ಮಗಳು ಒಮ್ಮೆಯೂ ತಪ್ಪಿಲ್ಲ.

ನೋಟ್‌ಬುಕ್ಕಿನ 'ಆಫ್' ಪುಟ ಈಗ ತುಂಬಿ ಪಕ್ಕದ ಪುಟಕ್ಕೆ ಹೋಗಿದೆ. ನಲ್ಲಿಯ ಹತ್ತಿರ ಪ್ರಶ್ನೆ ಕೇಳಿದ ಹುಡುಗಿಯ 'ಲೇ ಆಫ್' ಕೂಡ ಅದರಲ್ಲಿದೆ, ಅವಳ ಮಾತಿನಲ್ಲೇ: 'ಸ್ವಲ್ಪ ದಿನ ತಡೀರಿ, ಹೆಸರು ಪುಸ್ತಕದಲ್ಲಿರ್ತದೆ.' ಕಳೆದ ವಾರ ನಮ್ಮ ಮನೆಯವರು 'ಶೋ ಆಫ್' ಎಂಬುದನ್ನು ಸೇರಿಸಲು ಹೇಳಿದರು. 'ಜಂಬ ಕೊಚ್ಚೋದು' ಎಂದು ಮಗಳು ಬರೆದಳು. ಉದಾಹರಣೆಯ ವಾಕ್ಯದಲ್ಲಿ ಯಾರ ಹೆಸರು ಹಾಕಿದಳು ಎಂದು ಇಲ್ಲಿ ಬರೆಯುವುದಿಲ್ಲ, ಅವರೂ ಈ ಪತ್ರಿಕೆ ಓದುತ್ತಾರೆ. ನಮ್ಮ 'ತೆಗೆ'ಯ ಪಟ್ಟಿಯಲ್ಲಿ ನಾನು ಬಿಟ್ಟದ್ದು ನಿಮ್ಮ ಕಡೆ ಏನಾದರೂ ಇದ್ದರೆ, ವಾಕ್ಯದ ಸಮೇತ ಒಂದು ಕಾರ್ಡು ಬರೆದು ಪತ್ರಿಕೆಗೆ ಕಳಿಸಿ. ಅದಕ್ಕೂ ಒಂದು ಪುಟ ಖಾಲಿ ಬಿಟ್ಟಿದ್ದೇವೆ.